ತಿಳಿಗಹಿಯ ವಂಶಾವಳಿ: ಮನೆಯ ಏಲಿಗೆ ಹಾಪ್ ತಳಿಯ ಆಯ್ಕೆ

ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಮನೆಯಲ್ಲಿಯೇ ಏಲ್ ತಯಾರಿಸಿಕೊಳ್ಳುವವರು ತಮ್ಮ ತಮ್ಮಲ್ಲಿ ಬಹುವಾಗಿ ಚರ್ಚಿಸುವ ಪ್ರಶ್ನೆಯೊಂದುಂಟು. ಪಾನೀಯಕ್ಕೆ ಕಹಿಯನ್ನು ಮಾತ್ರ ಕೊಟ್ಟು, ತನ್ನದೆಂಬ ವಾಸನೆಯನ್ನಾಗಲಿ ಒಗರನ್ನಾಗಲಿ ನಾಲಗೆಯ ಮೇಲೆ ಉಳಿಸದೆ ಸರಿದುಹೋಗುವ ಹಾಪ್ ತಳಿ ಯಾವುದು? ಈ ಪ್ರಶ್ನೆ ಮೇಲ್ನೋಟಕ್ಕೆ ಅಡುಗೆಮನೆಯದಾಗಿ ತೋರಿದರೂ ಇತಿಹಾಸದ ವಿದ್ಯಾರ್ಥಿಗೆ ಅದು ಉಪೇಕ್ಷಣೀಯವಲ್ಲ. ಏಕೆಂದರೆ ಇಂತಹ ಕಹಿಯೊಂದು ಬೇಕೆಂಬ ಅಪೇಕ್ಷೆಯೇ ಇತ್ತೀಚಿನದು. ಆ ಅಪೇಕ್ಷೆಯನ್ನು ಪೂರೈಸುವ ತಳಿಗಳು ಹುಟ್ಟಿಬಂದ ಮೂಲವಾದರೋ, ಒಂದು ಕಾಲದಲ್ಲಿ ಇಂಗ್ಲೆಂಡಿನ ತಯಾರಕರು ಮೂಗು ಮುಚ್ಚಿಕೊಂಡು ದೂರವಿಟ್ಟ ಒಂದು ಕಾಡುಬಳ್ಳಿ. ಈ ವಿಚಿತ್ರ ವಂಶಕಥೆಯನ್ನು ವಿವರಿಸಿ, ಅದರಿಂದ ಇಂದಿನ ಆಯ್ಕೆಯ ಮೇಲೆ ಎಷ್ಟು ಬೆಳಕು ಬೀಳುವುದೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಪರಿಭಾಷೆಯ ಮಾತು. ಇಂಗ್ಲಿಷಿನಲ್ಲಿ 'ಕ್ಲೀನ್' ಎಂದು ಕರೆಯಲಾಗುವ ಈ ಕಹಿಯನ್ನು ನಾವು 'ತಿಳಿಗಹಿ' ಎಂದು ಕರೆಯಲು ಇಚ್ಛಿಸುತ್ತೇವೆ. ತಿಳಿನೀರು, ತಿಳಿಸಾರು, ತಿಳಿಗನ್ನಡ ಎಂಬಲ್ಲಿ ಯಾವ ಅರ್ಥವೋ ಇಲ್ಲಿಯೂ ಅದೇ ಅರ್ಥ: ಗಸಿಯಿಲ್ಲದ್ದು, ಬೆರಕೆಯಿಲ್ಲದ್ದು. ನಮ್ಮ ವೈದ್ಯಶಾಸ್ತ್ರವು ಷಡ್ರಸಗಳಲ್ಲಿ ತಿಕ್ತವನ್ನೂ ಕಷಾಯವನ್ನೂ ಕಟುವನ್ನೂ ಬೇರೆ ಬೇರೆಯಾಗಿ ಎಣಿಸಿರುವುದು ಈ ಸಂದರ್ಭದಲ್ಲಿ ಬಹಳ ಉಪಕಾರಕವಾಗಿದೆ. ಬೇವಿನೆಲೆಯ ಕಹಿ ಬೇರೆ, ಅಳಲೆಕಾಯಿಯ ಒಗರು ಬೇರೆ ಎಂಬುದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಇಂಗ್ಲಿಷಿನಲ್ಲಿ ಈ ವಿಷಯವನ್ನು ಕುರಿತು ಬರೆದವರಾದರೋ ಅನೇಕ ವೇಳೆ ಎರಡನ್ನೂ 'ಒರಟು ಕಹಿ' ಎಂಬ ಒಂದೇ ಮಾತಿನಲ್ಲಿ ಅಡಗಿಸಿದ್ದಾರೆ. ಮುಂದೆ ಕಾಣುವಂತೆ ಅವರ ವಿವಾದಗಳಲ್ಲಿ ಕೆಲವು ಈ ಅಡಗಿಸುವಿಕೆಯ ಫಲವೇ ಆಗಿವೆ.

ಹಾಪ್ ಎಂಬುದು ಭಂಗಿ ಗಿಡದ ಕುಟುಂಬಕ್ಕೆ ಸೇರಿದ ಬಳ್ಳಿ. ಗಂಡು ಹೂ ಒಂದು ಬಳ್ಳಿಯಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ ಬಿಡುತ್ತದೆ. ಹೆಣ್ಣು ಬಳ್ಳಿಯ ಹೂಗೊಂಚಲಿನ ಪಕಳೆಗಳ ಬುಡದಲ್ಲಿ ಹಳದಿ ಪುಡಿಯಂತೆ ಕಾಣುವ ಸೂಕ್ಷ್ಮ ಗ್ರಂಥಿಗಳಿವೆ. ಕಹಿಯನ್ನು ಕೊಡುವ ರಾಳವೂ ಪರಿಮಳವನ್ನು ಕೊಡುವ ತೈಲವೂ ಇರುವುದು ಇವುಗಳಲ್ಲಿಯೇ. ಬೇಸಗೆಯಲ್ಲಿ ದೀರ್ಘವಾದ ಹಗಲು ಇದಕ್ಕೆ ಅವಶ್ಯ. ಆದುದರಿಂದ ಹಾಪ್ ಬೇಸಾಯ ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವೆ ನೆಲೆಸಿದೆ.

ಹಾಪನ್ನು ಬಿಯರಿಗೆ ಸೇರಿಸುವ ಪದ್ಧತಿಗೆ ಯೂರೋಪಿನಲ್ಲಿ ಪ್ರಾಚೀನತೆಯಿದೆ. ಫ್ರಾನ್ಸಿನ ಕಾರ್ಬಿ ಮಠದ ಅಧಿಪತಿ ಅಡಲ್ಹಾರ್ಡನು 822ರಲ್ಲಿ ಮಾಡಿದ ಕಟ್ಟಳೆಗಳಲ್ಲಿ ಬಿಯರಿನ ತಯಾರಿಕೆಯ ಸಂಬಂಧದಲ್ಲಿ ಹಾಪಿನ ಉಲ್ಲೇಖ ದೊರೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡಳು ಪಾನೀಯಗಳು ಕೆಡದಂತೆ ಕಾಪಾಡುವ ಗುಣ ಹಾಪಿನ ಕಹಿಗೆ ಇದೆಯೆಂದು ಹೇಳಿದ್ದಾಳೆ. ಇಂಗ್ಲೆಂಡಿಗೆ ಮಾತ್ರ ಇದು ತಡವಾಗಿ, ಸಮುದ್ರದಾಚೆಯ ತಗ್ಗುನಾಡುಗಳಿಂದ ಬಂದಿತು. ಅಲ್ಲಿ ಬಹುಕಾಲ 'ಏಲ್' ಎಂದರೆ ಹಾಪಿಲ್ಲದ ಪಾನೀಯ, 'ಬಿಯರ್' ಎಂದರೆ ಹಾಪ್ ಹಾಕಿದ ಪಾನೀಯ ಎಂಬ ಭೇದವಿದ್ದಿತು. ಹದಿನಾರನೆಯ ಶತಮಾನದ ನಡುಭಾಗದಲ್ಲಿ ಬರೆಯುತ್ತಿದ್ದ ವೈದ್ಯ ಆಂಡ್ರೂ ಬೋರ್ಡನು, ಏಲ್ ಇಂಗ್ಲಿಷರಿಗೆ ಸಹಜವಾದ ಪಾನೀಯ, ಬಿಯರು ಡಚ್ಚರಿಗೆ ತಕ್ಕುದು ಎಂದು ವಿಂಗಡಿಸುತ್ತಾನೆ. ಇಂದು 'ಏಲಿಗೆ ಯಾವ ಹಾಪ್?' ಎಂದು ಕೇಳುವವನ ಪ್ರಶ್ನೆ ಬೋರ್ಡನ ಕಿವಿಗೆ ವದತೋವ್ಯಾಘಾತವಾಗಿ ಕೇಳಿಸುತ್ತಿದ್ದಿತು!

ಆದರೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಪರಿಸ್ಥಿತಿ ಬದಲಾಯಿತು. 1574ರಲ್ಲಿ ರೆಜಿನಾಲ್ಡ್ ಸ್ಕಾಟನು ಹಾಪ್ ತೋಟವನ್ನು ಕುರಿತು ಇಂಗ್ಲಿಷಿನಲ್ಲಿ ಮೊದಲ ಪುಸ್ತಕವನ್ನು ಪ್ರಕಟಿಸಿದನು. 1577ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ತನ್ನ ದೇಶವರ್ಣನೆಯನ್ನು ಹೊರತಂದನು. ತನ್ನ ಹೆಂಡತಿಯೂ ಅವಳ ದಾಸಿಯರೂ ತಿಂಗಳಿಗೊಮ್ಮೆ ಮನೆಯಲ್ಲಿ ಬಿಯರು ತಯಾರಿಸುತ್ತಿದ್ದ ಕ್ರಮವನ್ನು ಅವನು ವಿವರಿಸಿದ್ದಾನೆ. ಮನೆಯ ತಯಾರಿಕೆ ಹೆಂಗಸರ ಕೈಯಲ್ಲಿತ್ತೆಂಬುದಕ್ಕೆ ಇದು ಬೆಲೆಯುಳ್ಳ ಸಾಕ್ಷ್ಯ. ಹಾಪ್ ಇದ್ದರೆ ಪಾನೀಯ ಬಹುದಿನ ಕೆಡದು; ಆದುದರಿಂದ ಅದನ್ನು ತುಸು ತೆಳ್ಳಗೆ ಮಾಡಬಹುದು; ಆದುದರಿಂದ ಅದೇ ಪ್ರಮಾಣದ ಮಾಲ್ಟಿನಿಂದ ಹೆಚ್ಚು ಪಾನೀಯ ದೊರೆಯುವುದು. ಗೃಹಿಣಿಯ ಲೆಕ್ಕಾಚಾರ ಬೋರ್ಡನ ದೇಶಾಭಿಮಾನವನ್ನು ಸೋಲಿಸಿದುದರಲ್ಲಿ ಆಶ್ಚರ್ಯವಿಲ್ಲ. ಮುಂದೆ 1710ರ ಶಾಸನವು ಹಾಪಿನ ಮೇಲೆ ಪೌಂಡಿಗೆ ಒಂದು ಪೆನ್ನಿಯಂತೆ ಸುಂಕ ವಿಧಿಸಿ, ಮಾರಾಟದ ಬಿಯರಿಗೆ ಹಾಪಿನ ಬದಲು ಬೇರೆ ಕಹಿ ಪದಾರ್ಥಗಳನ್ನು ಬಳಸುವುದನ್ನು ನಿಷೇಧಿಸಿತು. ಸುಂಕ 1862ರವರೆಗೂ ಉಳಿಯಿತು. ಕಹಿಯ ಆಯ್ಕೆ ಹೀಗೆ ಸರ್ಕಾರದ ಬೊಕ್ಕಸಕ್ಕೂ ಸಂಬಂಧಿಸಿದ ವಿಷಯವಾಯಿತು.

ಆ ಕಾಲದ ತಯಾರಕನು ಹಾಪನ್ನು ಆರಿಸುತ್ತಿದ್ದ ರೀತಿಯನ್ನು ಇಲ್ಲಿ ಗಮನಿಸಬೇಕು. ಹಿಡಿಯಷ್ಟು ಹೂವನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡುವುದು, ಬಣ್ಣ, ಜಿಗುಟು, ಬೆಳೆದ ಊರು ಇವುಗಳನ್ನು ವಿಚಾರಿಸುವುದು, ಇಷ್ಟೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೆಂಟ್ ಪ್ರಾಂತದಲ್ಲಿ ಪ್ರಸಿದ್ಧಿಗೆ ಬಂದ ಗೋಲ್ಡಿಂಗ್ ತಳಿಯೂ, ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಿದ ಫಗಲ್ ತಳಿಯೂ ಮೂಗಿನ ಪರೀಕ್ಷೆಯಲ್ಲಿ ಗೆದ್ದು ಬಂದವು. ಕಹಿಗೊಂದು, ಪರಿಮಳಕ್ಕೊಂದು ಎಂಬ ವಿಭಾಗ ಅವರಿಗೆ ಸಿದ್ಧಾಂತವಾಗಿರಲಿಲ್ಲ. ಒಂದೇ ಗೋಲ್ಡಿಂಗನ್ನು ಕುದಿಯ ಮೊದಲಲ್ಲಿ ಹಾಕಿ ಕಹಿಯನ್ನೂ, ಕೊನೆಯಲ್ಲಿ ಹಾಕಿ ಪರಿಮಳವನ್ನೂ ಪಡೆಯುತ್ತಿದ್ದರು. ಈ ವಿಭಾಗದ ಮೊದಲ ಸುಳಿವು ಕಾಣುವುದು ಬೇರೊಂದು ಕಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಅಗ್ಗದ ಹಾಪ್ ಹೇರಳವಾಗಿ ಇಂಗ್ಲೆಂಡಿಗೆ ಬರತೊಡಗಿತು. ಅದರಲ್ಲಿ ರಾಳ ಹೆಚ್ಚು. ವಾಸನೆ ಮಾತ್ರ ಇಂಗ್ಲಿಷರಿಗೆ ಒಗ್ಗದು. ಜಾಣರಾದ ತಯಾರಕರು ಅದನ್ನು ಕುದಿಯ ಆರಂಭದಲ್ಲಿ, ಸ್ವದೇಶದ ಹಾಪಿನೊಡನೆ ಸ್ವಲ್ಪವಾಗಿ ಬೆರಸಿ ಹಾಕಿದರು. ದೀರ್ಘಕಾಲ ಕುದಿಸಿದರೆ ವಾಸನೆಯ ತೈಲ ಆವಿಯಾಗಿ ಹೋಗುವುದು, ಕಹಿ ಉಳಿಯುವುದು. ತತ್ತ್ವವನ್ನು ಹೇಳದೆಯೇ ಆಚರಣೆಗೆ ತಂದ ಉದಾಹರಣೆಗಳಲ್ಲಿ ಇದೂ ಒಂದು.

ಕಹಿಗೆ ಆಗ ಇದ್ದ ಮುಖ್ಯ ಪ್ರಯೋಜನ ರುಚಿಯಲ್ಲ, ಬಾಳಿಕೆ ಎಂಬುದನ್ನು ಮರೆಯಬಾರದು. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಕಾರ್ಖಾನೆಯಿಂದಲೂ, 1820ರ ದಶಕದಿಂದೀಚೆಗೆ ಬರ್ಟನ್ ಪಟ್ಟಣದಿಂದಲೂ ಭಾರತಕ್ಕೆ ಹಡಗೇರುತ್ತಿದ್ದ ಏಲಿಗೆ ಹೆಚ್ಚು ಹಾಪ್ ಬೀಳುತ್ತಿದ್ದುದು ಹುಳಿಯುವ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಗಾಗಿ. ಬೆಂಗಳೂರಿನ ದಂಡುಪ್ರದೇಶವೂ ಇಂತಹ ಪಾನೀಯದ ಗಿರಾಕಿಗಳ ನೆಲೆಯೇ. ದಕ್ಷಿಣ ಭಾರತದಲ್ಲಿಯೇ ಬಿಯರು ತಯಾರಿಸುವ ಉದ್ಯಮ ಬೆಳೆದು, 1857ರಷ್ಟು ಹಿಂದಿನ ಕ್ಯಾಸಲ್ ಬ್ರೂವರಿ ಮೊದಲಾದವುಗಳನ್ನು ಥಾಮಸ್ ಲೀಷ್‌ಮನ್ನನು 1915ರಲ್ಲಿ ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದನು. ಆದರೆ ಹದಿಮೂರು ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಹಾಪ್ ಬೆಳೆ ಸಾಧುವಲ್ಲ. (ಮನೆಯಲ್ಲಿ ಪರವಾನಗಿಯಿಲ್ಲದೆ ಮಾದಕ ಪಾನೀಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಶಾಸನಕ್ಕೆ ವಿರುದ್ಧವಾದುದರಿಂದ, ಮುಂದಿನ ಪ್ರಮಾಣಗಳನ್ನು ನಮ್ಮ ವಾಚಕರು ಇತಿಹಾಸವಾಗಿಯೇ ಓದತಕ್ಕದ್ದು.)

ಇನ್ನು ಪ್ರಕೃತಕ್ಕೆ ಬರೋಣ. ಕೆಂಟ್ ಪ್ರಾಂತದ ವೈ ಎಂಬ ಊರಿನ ಕೃಷಿ ಕಾಲೇಜಿನಲ್ಲಿ ಅರ್ನೆಸ್ಟ್ ಸ್ಟ್ಯಾನ್ಲಿ ಸಾಮನ್ ಎಂಬ ಶಿಲೀಂಧ್ರಶಾಸ್ತ್ರಜ್ಞನು 1906ರಿಂದ ಹಾಪ್ ತಳಿಗಳ ಸಂಕರಣವನ್ನು ಆರಂಭಿಸಿದನು. ಇಂಗ್ಲಿಷ್ ಹಾಪಿನ ಪರಿಮಳವನ್ನು ಕೆಡಿಸದೆ ಅಮೆರಿಕದ ಹಾಪಿನ ರಾಳಸಮೃದ್ಧಿಯನ್ನು ಅದಕ್ಕೆ ತರುವುದು ಅವನ ಗುರಿ. ರಾಳವನ್ನು ಅವನು ಅಳೆಯುತ್ತಿದ್ದುದು, ಮೇಲೆ ಹೇಳಿದಂತೆ, ಬಾಳಿಕೆಯ ಶಕ್ತಿಯ ದೃಷ್ಟಿಯಿಂದ. 1916ರಲ್ಲಿ ಕೆನಡದ ತೋಟಗಾರಿಕೆಯ ಅಧಿಕಾರಿ ಮಕೂನ್ ಎಂಬುವರು ಮ್ಯಾನಿಟೋಬಾ ಪ್ರಾಂತದ ಮಾರ್ಡನ್ ಬಳಿಯ ಕಾಡುಹಾಪಿನ ಒಂದು ತುಂಡನ್ನು ಅವನಿಗೆ ಕಳುಹಿಸಿಕೊಟ್ಟರು. ಅದಕ್ಕೆ ಬಿಬಿ 1 ಎಂದು ಗುರುತು ಹಾಕಿ ನೆಡಲಾಯಿತು. ಗಿಡ ಬಾಳಲಿಲ್ಲ, 1918-19ರ ಚಳಿಗಾಲದಲ್ಲಿ ಸತ್ತಿತು. ಆದರೆ ಸಾಯುವ ಮುನ್ನ, ಸುತ್ತಲಿನ ಯಾವುದೋ ಗಂಡು ಬಳ್ಳಿಯ ಪರಾಗದಿಂದ ಬೀಜ ಕಟ್ಟಿದ್ದಿತು. 1919ರಲ್ಲಿ ಆ ಬೀಜಗಳಿಂದ ಎದ್ದ ಸಸಿಗಳಲ್ಲಿ ಒಂದು, 1934ರಲ್ಲಿ ಬ್ರೂವರ್ಸ್ ಗೋಲ್ಡ್ ಎಂಬ ಹೆಸರಿನಿಂದ ಪ್ರಕಟವಾಯಿತು. ಅದರ ಒಡಹುಟ್ಟು ಬುಲಿಯನ್ ಎಂಬುದು 1938ರಲ್ಲಿ ಹೊರಬಂದಿತು. ಎರಡರಲ್ಲಿಯೂ ಫಗಲ್, ಗೋಲ್ಡಿಂಗುಗಳಿಗಿಂತ ಸುಮಾರು ಎರಡರಷ್ಟು ಕಹಿರಾಳ. ಹಾಪ್ ಬೇಸಾಯದ ಇತಿಹಾಸದಲ್ಲಿ ಇದಕ್ಕಿಂತ ಮಹತ್ತ್ವದ ಆಕಸ್ಮಿಕ ಇನ್ನೊಂದಿಲ್ಲವೆಂದೇ ನಮ್ಮ ಭಾವನೆ.

ತಯಾರಕರ ಸ್ವಾಗತ ಮಾತ್ರ ತಣ್ಣಗಿದ್ದಿತು. ಬ್ಲ್ಯಾಕ್‌ಕರಂಟ್ ಹಣ್ಣಿನಂತಹ, ಕೆಲವರ ಮೂಗಿಗೆ ಬೆಕ್ಕಿನಂತಹ, ಒಂದು ಗಡಸು ವಾಸನೆ ಈ ತಳಿಗಳಲ್ಲಿದ್ದಿತು. ಅದಕ್ಕೆ 'ಅಮೆರಿಕದ ವಾಸನೆ' ಎಂಬ ಹೆಸರು ಬಿತ್ತು, ಹೆಸರಿನಲ್ಲಿಯೇ ತಿರಸ್ಕಾರವಿದ್ದಿತು. ನಮ್ಮ ಇಂದಿನ ಮಾತಿನಲ್ಲಿ ಹೇಳುವುದಾದರೆ, ಬ್ರೂವರ್ಸ್ ಗೋಲ್ಡ್ ತಿಳಿಗಹಿಗೆ ತೀರ ವಿರುದ್ಧವಾದುದು. ಸಾಮನ್ನನು ಧೃತಿಗೆಡಲಿಲ್ಲ. ಕ್ಯಾಂಟರ್ಬರಿ ಗೋಲ್ಡಿಂಗಿಗೆ ಬ್ರೂವರ್ಸ್ ಗೋಲ್ಡಿನ ರಕ್ತವುಳ್ಳ ಗಂಡನ್ನು ಕೂಡಿಸಿ 1934ರಲ್ಲಿ ಮಾಡಿದ ಸಂಕರಣದಿಂದ ನಾರ್ದರ್ನ್ ಬ್ರೂವರ್ ಎಂಬ ತಳಿಯನ್ನು ಪಡೆದು, 1944ರಲ್ಲಿ ಬಿಡುಗಡೆ ಮಾಡಿದನು. ಕಾಡುಬಳ್ಳಿಯ ರಾಳ ಬಹುಮಟ್ಟಿಗೆ ಉಳಿದು, ವಾಸನೆ ಬಹುಮಟ್ಟಿಗೆ ಅಡಗಿದ ಮೊದಲ ತಳಿಯೆಂದು ಇದನ್ನು ಎಣಿಸಬಹುದು.

ಇಷ್ಟಾದರೂ ಫಗಲ್ ಬೆಳೆಯುತ್ತಿದ್ದ ರೈತರು ತಮ್ಮ ತಳಿಯನ್ನು ಸುಲಭವಾಗಿ ಬಿಡುತ್ತಿರಲಿಲ್ಲ. ಅವರನ್ನು ಬಿಡಿಸಿದ್ದು ರೋಗ. 1924ರಲ್ಲಿ ಕೆಂಟಿನ ಪೆನ್ಸ್‌ಹರ್ಸ್ಟ್ ಎಂಬಲ್ಲಿ ಹಾಪಿನ ಸೊರಗು ರೋಗ ಮೊದಲು ಕಾಣಿಸಿಕೊಂಡಿತು. ಮಣ್ಣಿನಲ್ಲಿ ಅಡಗಿದ ಶಿಲೀಂಧ್ರವೊಂದು ಬೇರಿನ ಮೂಲಕ ಒಳಹೊಕ್ಕು ಬಳ್ಳಿಯನ್ನು ನಿಂತಲ್ಲಿಯೇ ಒಣಗಿಸುವ ಈ ರೋಗಕ್ಕೆ ಫಗಲ್ ಸುಲಭವಾಗಿ ತುತ್ತಾಯಿತು. ಅದಕ್ಕೆ ಮದ್ದಿರಲಿಲ್ಲ; ರೋಗ ತಗುಲಿದ ಬಳ್ಳಿಗಳನ್ನು ಕಿತ್ತು ಸುಡುವುದೊಂದೇ ಮಾರ್ಗ. ನಮ್ಮ ಮಲೆನಾಡಿನ ಮೆಣಸಿನ ಬಳ್ಳಿ ಸೊರಗಿ ಹೋಗುವುದನ್ನು ಕಂಡವರಿಗೆ ಆ ಬೆಳೆಗಾರರ ಸಂಕಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. 1972ರಲ್ಲಿ ವೈ ಕಾಲೇಜಿನಿಂದ ಹೊರಬಂದ ಟಾರ್ಗೆಟ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತಿದ್ದಿತು, ಕಹಿರಾಳವೂ ಅದರಲ್ಲಿ ಅಧಿಕವಾಗಿತ್ತು. ತೋಟಗಳಲ್ಲಿ ಅದು ಬೇಗನೆ ಹಬ್ಬಿತು. ತಿಳಿಗಹಿಯ ತಳಿಗಳು ಕೇವಲ ರುಚಿಯ ಪರಿಷ್ಕಾರದಿಂದ ಬಂದವೆಂದು ತಿಳಿಯುವುದು ತಪ್ಪು. ಎಕರೆಯೊಂದಕ್ಕೆ ಎಷ್ಟು ರಾಳ ದೊರೆಯಿತು, ಬಳ್ಳಿ ಬದುಕಿತೇ ಎಂಬ ಪ್ರಶ್ನೆಗಳೇ ಅವುಗಳನ್ನು ತೋಟಕ್ಕೆ ತಂದವು. ನಾಲಗೆ ಆಮೇಲೆ ಒಪ್ಪಿತು.

ವಂಶದ ಮುಂದಿನ ಕವಲು ಸಮುದ್ರವನ್ನು ಮರಳಿ ದಾಟಿತು. ಅಮೆರಿಕದ ಐಡಹೊ ಸಂಸ್ಥಾನದಲ್ಲಿ ರೊಮ್ಯಾಂಕೊ ಎಂಬ ವಿಜ್ಞಾನಿ ಬ್ರೂವರ್ಸ್ ಗೋಲ್ಡನ್ನು ತಾಯಿಯಾಗಿಟ್ಟುಕೊಂಡು ಆರಿಸಿದ ಸಸಿಯೊಂದು 1978ರಲ್ಲಿ ಗಲೀನಾ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಸೀಸದ ಅದುರಿನ ಹೆಸರು ಅದು. ಬ್ರೂವರ್ಸ್ ಗೋಲ್ಡಿನ ರಕ್ತ ಹೇರಳವಾಗಿರುವ ನಗೆಟ್ ಎಂಬ ಇನ್ನೊಂದು ತಳಿ ಆರೆಗನ್ನಿನಲ್ಲಿ ಬೆಳೆದು 1980ರ ದಶಕದಲ್ಲಿ ಬಳಕೆಗೆ ಬಂದಿತು. ಗಲೀನಾ ಮತ್ತೆ ಯೂರೋಪಿಗೆ ಹೋಯಿತು. ಬವೇರಿಯದ ಹಾಲರ್ಟೌ ಸೀಮೆಯ ಹ್ಯೂಲ್ ಎಂಬಲ್ಲಿ, ಬೂಷ್ಟು ರೋಗದ ಹಾವಳಿಯಿಂದ ಕಂಗೆಟ್ಟ ಕಾಲದಲ್ಲಿ 1926ರಲ್ಲಿ ಸ್ಥಾಪಿತವಾದ ಸಂಶೋಧನ ಕೇಂದ್ರವೊಂದಿದೆ. ಅಲ್ಲಿ 1980ರಲ್ಲಿ ಗಲೀನಾವನ್ನು ಜರ್ಮನಿಯ ಗಂಡು ಬಳ್ಳಿಯೊಡನೆ ಕೂಡಿಸಿ ಪಡೆದ ತಳಿಯೇ ಮ್ಯಾಗ್ನಮ್. ಮನೆಯಲ್ಲಿ ಏಲ್ ತಯಾರಿಸುವವರಲ್ಲಿ ತಿಳಿಗಹಿಗೆ ಯಾವುದೆಂದು ಕೇಳಿದರೆ ಬಹುಮಂದಿ ಮೊದಲು ಹೇಳುವ ಹೆಸರು ಇದೇ. ವಾಸನೆಯ ದೋಷದಿಂದ ಬಹಿಷ್ಕೃತವಾದ ಬ್ರೂವರ್ಸ್ ಗೋಲ್ಡಿನ ಮಗಳ ಮಗಳು, ವಾಸನೆಯಿಲ್ಲದ ಕಹಿಗೆ ಆದರ್ಶವೆನಿಸಿಕೊಂಡಿತು!

ಮನೆಯ ತಯಾರಕನಿಗೆ ಈ ಆಯ್ಕೆ ದೊರೆಯುವುದಕ್ಕೆ ಮೊದಲು ಕಾನೂನು ಸಡಿಲವಾಗಬೇಕಿತ್ತು. 1880ರಲ್ಲಿ ಗ್ಲ್ಯಾಡ್‌ಸ್ಟನ್ನನು ಮಾಲ್ಟಿನ ಮೇಲಣ ಸುಂಕವನ್ನು ತೆಗೆದುಹಾಕಿದಾಗ, ಮನೆಬಳಕೆಗೆ ತಯಾರಿಸುವವರಿಗೂ ಪರವಾನಗಿ ಕಡ್ಡಾಯವಾಯಿತು. ಹ್ಯಾರಿಸನ್ನನ ಹೆಂಡತಿಯ ಪರಂಪರೆ ಅಲ್ಲಿಂದ ಕ್ಷೀಣಿಸಿತು. 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಆ ಪರವಾನಗಿಯನ್ನು ರದ್ದುಮಾಡಿದನು. ಅದೇ ವರ್ಷ ಬೆರಿ ಎಂಬುವನು ಮನೆಯ ಬಿಯರನ್ನು ಕುರಿತು ಕೈಪಿಡಿಯನ್ನು ಬರೆದನು. 1974ರಲ್ಲಿ ಡೇವ್ ಲೈನ್ ಎಂಬುವನ ದೊಡ್ಡ ಪುಸ್ತಕ ಬಂದಿತು. ಅಮೆರಿಕದಲ್ಲಿ 1978ರ ಶಾಸನ ಇದೇ ಸ್ವಾತಂತ್ರ್ಯವನ್ನು ಕೊಟ್ಟಿತು. ಗಲೀನಾ ಬಿಡುಗಡೆಯಾದ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯ.

ಈಗ ರಸಾಯನಶಾಸ್ತ್ರದ ಮಾತು. ಹಾಪಿನ ರಾಳದಲ್ಲಿರುವ ಆಲ್ಫಾ ಆಮ್ಲಗಳು ತಾವಾಗಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮಾಲ್ಟಿನ ರಸದೊಡನೆ ಒಂದು ಗಂಟೆಯ ಕಾಲ ಕುದಿದಾಗ ಅವುಗಳ ಅಣುರಚನೆ ಮಾರ್ಪಟ್ಟು, ಕರಗುವ ಮತ್ತು ಹೆಚ್ಚು ಕಹಿಯಾದ ಸಮಾಂಗಿಗಳಾಗುತ್ತವೆ. ಇದ್ದ ಆಮ್ಲದಲ್ಲಿ ಹೀಗೆ ಪಾನೀಯಕ್ಕೆ ಇಳಿಯುವುದು ಮನೆಯ ಪಾತ್ರೆಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ. ಇಪ್ಪತ್ತು ಲೀಟರು ಏಲಿನಲ್ಲಿ ಲೀಟರಿಗೆ 35 ಮಿಲಿಗ್ರಾಂ ಕಹಿ ಬೇಕಾದರೆ ಒಟ್ಟು 700 ಮಿಲಿಗ್ರಾಂ ಬೇಕು. ಅದಕ್ಕೆ ಪಾತ್ರೆಗೆ ಬೀಳಬೇಕಾದ ಆಲ್ಫಾ ಆಮ್ಲ 2,800 ಮಿಲಿಗ್ರಾಂ. ನೂರಕ್ಕೆ 12 ಭಾಗ ಆಮ್ಲವುಳ್ಳ ಮ್ಯಾಗ್ನಮ್ಮಿನಲ್ಲಿ ಇದು 23 ಗ್ರಾಂ ಹೂವಿನಿಂದ ದೊರೆಯುವುದು. ನೂರಕ್ಕೆ 4.5 ಭಾಗದ ಫಗಲ್ಲಿನಲ್ಲಿ 62 ಗ್ರಾಂ ಹಾಕಬೇಕು. ಈ ಎರಡು ಅಂಕೆಗಳ ನಡುವಣ 39 ಗ್ರಾಂ ಏನು? ಬಹುಮಟ್ಟಿಗೆ ಎಲೆ, ಪಕಳೆ, ದಂಟು. ಅವುಗಳಲ್ಲಿರುವ ಟ್ಯಾನಿನ್ನಿನ ಜಾತಿಯ ಪದಾರ್ಥಗಳು. ಅಂದರೆ ಕಷಾಯರಸ. ತಿಳಿಗಹಿಯ ಗುಟ್ಟಿನಲ್ಲಿ ದೊಡ್ಡ ಪಾಲು ಇಷ್ಟೇ: ತಿಕ್ತವು ಅಷ್ಟೇ ಇದ್ದು ಒಗರು ಕಡಮೆಯಾಗುವುದು.

ಆದರೆ ಪಂಡಿತರ ಗಮನ ಬಹುಕಾಲ ಬೇರೆಡೆ ಹರಿಯಿತು. 1950ರ ದಶಕದ ಮೊದಲಲ್ಲಿ ರಿಗ್ಬಿ ಮತ್ತು ಬೆಥೂನ್ ಎಂಬುವರು ಆಲ್ಫಾ ಆಮ್ಲವು ಒಂದಲ್ಲ, ಹ್ಯೂಮುಲೋನ್, ಕೋಹ್ಯೂಮುಲೋನ್, ಆಡ್‌ಹ್ಯೂಮುಲೋನ್ ಎಂಬ ಸಮೀಪ ಸಂಬಂಧಿಗಳ ಸಮೂಹ ಎಂದು ತೋರಿಸಿದರು. 1972ರಲ್ಲಿ ರಿಗ್ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒರಟು ಕಹಿಗೆ ಕಾರಣ ಕೋಹ್ಯೂಮುಲೋನ್, ಅದು ಕಡಮೆಯಿರುವ ತಳಿಗಳೇ ಉತ್ತಮ ಎಂದು ವಾದಿಸಿದನು. ಗಲೀನಾದ ಆಲ್ಫಾ ಆಮ್ಲದಲ್ಲಿ ಇದರ ಪಾಲು ನೂರಕ್ಕೆ ನಲವತ್ತರ ಹತ್ತಿರ, ಮಗಳಾದ ಮ್ಯಾಗ್ನಮ್ಮಿನಲ್ಲಿ ಇಪ್ಪತ್ತೈದರ ಆಸುಪಾಸು. ತಳಿವರ್ಧಕರು ಈ ಅಂಕೆಯನ್ನು ಇಳಿಸಲು ಶ್ರಮಿಸಿದರು. ಮನೆಯ ತಯಾರಕರಿಗೆ ಅದು ಆಪ್ತವಾಕ್ಯವೇ ಆಯಿತು. ಮುಂದೆ ಬೇರ್ಪಡಿಸಿ ಶುದ್ಧಗೊಳಿಸಿದ ಸಂಯುಕ್ತಗಳನ್ನು ಪಳಗಿದ ನಾಲಗೆಗಳಿಗೆ ಕೊಟ್ಟು ಪರೀಕ್ಷಿಸಿದಾಗ ಒರಟುತನದ ಭೇದ ನಿರೀಕ್ಷಿಸಿದಂತೆ ಸಿದ್ಧಪಡಲಿಲ್ಲ. ರಿಗ್ಬಿಯ ವಾದದಲ್ಲಿ ಬಲವಿಲ್ಲವೆಂದಲ್ಲ. ಕೀರ್ತಿವಂತವಾದ ಪರಿಮಳದ ತಳಿಗಳಲ್ಲಿ ಅನೇಕಕ್ಕೆ ಕೋಹ್ಯೂಮುಲೋನ್ ಕಡಮೆಯಿರುವುದು ನಿಜ. ಆದರೆ ಜೊತೆಗೆ ಕಾಣುವುದೆಲ್ಲ ಕಾರಣವಾಗದು. ಒರಟು ಎಂಬ ಒಂದು ಶಬ್ದದೊಳಗೆ ಒಗರನ್ನೂ ಕಹಿಯನ್ನೂ ತುಂಬಿದ್ದರಿಂದ, ಒಗರಿನ ಅಪರಾಧವನ್ನು ಕಹಿಯ ಅಣುವಿನ ತಲೆಗೆ ಕಟ್ಟಿದಂತಾಗಿರಬಹುದೆಂದು ನಮ್ಮ ಊಹೆ.

ಆದುದರಿಂದ ಪ್ರಾಯೋಗಿಕ ನಿರ್ಣಯ ಹೀಗೆ ನಿಲ್ಲುತ್ತದೆ. ಪರಿಮಳವನ್ನು ಕೊನೆಯಲ್ಲಿ ಹಾಕುವ ಬೇರೊಂದು ಹಾಪಿಗೆ ಬಿಟ್ಟು, ಅಡಿಯ ಕಹಿಯನ್ನು ಮಾತ್ರ ಬಯಸುವ ಏಲಿಗೆ ಮ್ಯಾಗ್ನಮ್ ಯೋಗ್ಯವಾದುದು. ಅದು ದೊರೆಯದಿದ್ದಲ್ಲಿ ನಗೆಟ್ ಅಥವಾ ವಾರಿಯರ್. ಗಲೀನಾದ ಬಗ್ಗೆ ಇರುವ ಭಯ ಅತಿರಂಜಿತವಾದುದು. ನಾರ್ದರ್ನ್ ಬ್ರೂವರ್ ತಿಳಿಗಹಿಯ ಗಡಿಯಲ್ಲಿ ನಿಲ್ಲುತ್ತದೆ. ಅದರಲ್ಲಿ ಕಟ್ಟಿಗೆಯ ಮತ್ತು ಪುದೀನದ ಛಾಯೆ ಉಂಟು. ಹೆಸರಿಗಿಂತಲೂ ಮುಖ್ಯವಾದುದು ಹೂವಿನ ವಯಸ್ಸು. ಗಾಳಿ ಮತ್ತು ಬಿಸಿಗೆ ಸಿಕ್ಕಿದ ಹಾಪಿನಲ್ಲಿ ಆಲ್ಫಾ ಆಮ್ಲ ಕುಗ್ಗಿ, ಹಳೆಯ ಗಿಣ್ಣಿನಂತಹ ಚೀಸಿನ ನಾತ ಏಳುತ್ತದೆ. ಆಗ ಪೊಟ್ಟಣದ ಮೇಲಿನ ಅಂಕೆಯಾಗಲಿ ನಮ್ಮ 23 ಗ್ರಾಂ ಲೆಕ್ಕವಾಗಲಿ ಪ್ರಯೋಜನಕ್ಕೆ ಬಾರದು. ನೀರಿನ ಗುಣವನ್ನೂ ಕಡೆಗಣಿಸಬಾರದು. ಬರ್ಟನ್ನಿನ ಬಾವಿಗಳಲ್ಲಿ ಕರಗಿರುವ ಜಿಪ್ಸಮ್ ಕಹಿಯನ್ನು ಚುರುಕಾಗಿ ಎತ್ತಿ ತೋರಿಸುತ್ತದೆ. ಮೆದುನೀರಿನಲ್ಲಿ ಅದೇ ಹಾಪ್, ಅದೇ ತೂಕ, ಸೌಮ್ಯವಾಗಿ ತೋರುವುದು.

ವೈ ಕಾಲೇಜಿನ ಹಾಪ್ ವಿಭಾಗವು 2007ರಲ್ಲಿ ಮುಚ್ಚಿ, ತಳಿವರ್ಧನೆಯ ಕೆಲಸ ಬೆಳೆಗಾರರ ಸಂಸ್ಥೆಯ ಆಶ್ರಯಕ್ಕೆ ಹೋಯಿತು. ಕಾಲೇಜು ತಾನೂ 2009ರಲ್ಲಿ ಮುಚ್ಚಿತು. ಫಗಲ್ ಇನ್ನೂ ಬದುಕಿದೆ. ಕಂದು ಬಣ್ಣದ ಹಳೆಯ ಶೈಲಿಯ ಇಂಗ್ಲಿಷ್ ಏಲನ್ನು ಅದರ ಮೊದಲಿನ ರುಚಿಯಲ್ಲಿಯೇ ಪಡೆಯಬೇಕೆನ್ನುವವನು ಮ್ಯಾಗ್ನಮ್ಮಿನ ಮಿತವ್ಯಯಕ್ಕೆ ಮರುಳಾಗದೆ, 62 ಗ್ರಾಂ ಫಗಲ್ಲನ್ನೇ ಕುದಿಯ ಮೊದಲಲ್ಲಿ ಹಾಕತಕ್ಕದ್ದು. ಆ ಏಲಿನಲ್ಲಿ ಒಗರೂ ಮಣ್ಣಿನ ವಾಸನೆಯೂ ರುಚಿಯ ಅಂಗಗಳೇ. ಅವನ್ನು ದೋಷವೆಂದು ಕಂಡ ನಾಲಗೆ 1934ರಿಂದೀಚಿನದು.